ತೊನ್ನು: ಕಾರಣದ ಹುಡುಕಾಟ, ಕಳಂಕದ ಚರಿತ್ರೆ

ಕಲಬುರಗಿಯ ಸೂಪರ್ ಮಾರ್ಕೆಟ್‌ನ ನೂಕುನುಗ್ಗಲಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಡೆಯುವ ನಾವು, ಎದುರಿನವರ ಕೈಮೇಲೆ ಬಿಳಿ ಮಚ್ಚೆ ಕಂಡರೆ ಥಟ್ಟನೆ ಸರಿದು ನಿಲ್ಲುತ್ತೇವೆ. ಕಮಲಾಪುರದ ಕಡೆಯ ಹಳ್ಳಿಗಳಲ್ಲೂ ಇದೇ ಅಂಜಿಕೆ. ಉರ್ದುವಿನಲ್ಲಿ ಬರಸ್ ಎನ್ನುವ ಈ ತೊನ್ನಿಗೆ ಜನ ಕೊಟ್ಟ ಇನ್ನೊಂದು ಹೆಸರು ಬಿಳಿ ಕುಷ್ಠ. ಈ ತಪ್ಪು ಹೆಸರೇ ಎಷ್ಟೋ ಹೆಣ್ಣುಮಕ್ಕಳ ರಿಶ್ತಾ ಮುರಿದಿದೆ.

ಕುಷ್ಠಕ್ಕೆ ಕಾರಣವಾದ ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲೇ ಕಂಡುಹಿಡಿದ. ತೊನ್ನಿನಲ್ಲಿ ಅಂಥ ರೋಗಾಣುವಿಲ್ಲ. ಅದು ಅಂಟುವುದೂ ಇಲ್ಲ. ಹಾಗಾದರೆ ಚರ್ಮದ ಬಣ್ಣ ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಮದ್ದು ಸಿಕ್ಕಿತ್ತು. ಉತ್ತರ ಆಫ್ರಿಕದ ಬುಡಕಟ್ಟೊಂದು ಒಂದು ಗಿಡದ ಬೀಜವನ್ನು ತಿನ್ನಿಸಿ ರೋಗಿಯನ್ನು ಬಿಸಿಲಿನಲ್ಲಿ ಕೂರಿಸುತ್ತಿದ್ದುದನ್ನು 13ನೇ ಶತಮಾನದ ಇಬ್ನುಲ್ ಬೈತಾರ್ ಬರೆದಿಟ್ಟಿದ್ದಾನೆ. ನಮ್ಮ ವೈದ್ಯರೂ ಹಕೀಮರೂ ಬಾವಂಚಿ ಬೀಜವನ್ನು ಇದಕ್ಕೇ ಬಳಸಿದರು. 1940ರ ದಶಕದಲ್ಲಿ ಈಜಿಪ್ಟಿನ ಡಾ. ಎಲ್ ಮೊಫ್ತಿ, ಆ ಆಫ್ರಿಕದ ಗಿಡದಿಂದ ಬೇರ್ಪಡಿಸಿದ ಅಂಶವನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದರು. ಅದು ಸೊರಾಲೆನ್ ಗುಂಪಿನ ವಸ್ತು. ಬಾವಂಚಿಯಲ್ಲೂ ಅದೇ ಗುಂಪಿನದು ಇದೆ. ಅಳತೆ ತಪ್ಪಿದರೆ ಚರ್ಮ ಸುಡುವ ಮದ್ದಿದು, ಮನೆಯಲ್ಲಿ ಮಾಡಿಕೊಳ್ಳುವಂಥದ್ದಲ್ಲ. ಒಂದು ಕಾಲಕ್ಕೆ ಕಲಬುರಗಿಗೂ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲಿ 1971ರಲ್ಲಿ ಆರಂಭವಾದ ಕೇಂದ್ರೀಯ ಯುನಾನಿ ಸಂಶೋಧನಾ ಸಂಸ್ಥೆಯೂ ಬರಸ್ ಚಿಕಿತ್ಸೆಗೇ ಹೆಸರಾಯಿತು.

ಇನ್ನು ಕಾರಣದ ಮಾತು. ದೇಹದ ರಕ್ಷಣಾ ವ್ಯವಸ್ಥೆ ತನ್ನ ದೇಹಕ್ಕೇ ಹಾನಿ ಮಾಡಲಾರದು ಎಂದು ಜರ್ಮನಿಯ ಪಾಲ್ ಎರ್ಲಿಕ್ 1901ರ ಹೊತ್ತಿಗೆ ನಂಬಿದ್ದ. ವೈದ್ಯಲೋಕ ಅರ್ಧ ಶತಮಾನ ಅದನ್ನೇ ನೆಚ್ಚಿತು. 1956ರಲ್ಲಿ ಅಮೆರಿಕದ ರೋಸ್ ಮತ್ತು ವಿಟೆಬ್‌ಸ್ಕಿ ಮೊಲಗಳ ಮೇಲೆ, ಲಂಡನ್ನಿನ ರಾಯಿಟ್ ಮತ್ತು ಡೋನಿಯಾಕ್ ಥೈರಾಯ್ಡ್ ರೋಗಿಗಳ ರಕ್ತದಲ್ಲಿ ನಡೆಸಿದ ಪರೀಕ್ಷೆಗಳು ಆ ನಂಬಿಕೆಯನ್ನು ಅಲುಗಿಸಿದವು. ಬೇಲಿಯೇ ಎದ್ದು ಹೊಲ ಮೇಯುವುದುಂಟು ಎಂಬುದು ಖಾತ್ರಿಯಾಯಿತು. ತೊನ್ನಿನಲ್ಲಿ ನಡೆಯುವುದೂ ಇದೇ: ರೋಗಾಣುಗಳನ್ನು ಕೊಲ್ಲಬೇಕಾದ ಟಿ ಕೋಶಗಳು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೇ ಕೊಲ್ಲುತ್ತವೆ. ತೊನ್ನಿರುವವರಲ್ಲಿ ಥೈರಾಯ್ಡ್ ತೊಂದರೆ ಹೆಚ್ಚಾಗಿ ಕಾಣುವುದಕ್ಕೂ ಈ ನಂಟೇ ಕಾರಣ.

ಬೇಲಿಯನ್ನು ಕಾಯುವ ಕೋಶಗಳೂ ಇವೆ. ಜಪಾನಿನ ಸಕಾಗುಚಿ 1995ರಲ್ಲಿ ಅವುಗಳನ್ನು ಗುರುತಿಸಿದರು. ಆ ಸಾಲಿನ ಶೋಧಗಳಿಗಾಗಿ ಅವರಿಗೂ ಅಮೆರಿಕದ ಬ್ರಂಕೋ, ರ‍್ಯಾಮ್ಸ್‌ಡೆಲ್ ಅವರಿಗೂ 2025ರ ನೊಬೆಲ್ ಬಂತು.

ಬೇಲಿ ಯಾಕೆ ಹೊಲ ಮೇಯುತ್ತದೆ? ವಂಶವಾಹಿಗಳ ಪಾಲಿದೆ, ಅದೊಂದೇ ಅಲ್ಲ. 2003ರ ಅಧ್ಯಯನವೊಂದರಲ್ಲಿ, ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ತೊನ್ನಿದ್ದಾಗ ಇನ್ನೊಬ್ಬರಿಗೂ ಇದ್ದದ್ದು ನೂರಕ್ಕೆ 23ರಷ್ಟು ಮಾತ್ರ. ಮೀನು ತಿಂದು ಹಾಲು ಕುಡಿದರೆ ಬರುತ್ತದೆಂಬ ಮಾತಿಗಂತೂ ಆಧಾರವೇ ಇಲ್ಲ.

ಕುಷ್ಠವನ್ನೇ ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಾನೂನುಗಳಿಂದ, 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಿಂದಲೂ, 2019ರಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ಕುಷ್ಠವೇ ಅಲ್ಲದ ತೊನ್ನಿನ ವಿಷಯದಲ್ಲಿ ನಮ್ಮ ರಿಶ್ತಾ ಮಾತುಕತೆಗಳಿಗೆ ಮಾತ್ರ ಇನ್ನೂ ತಿದ್ದುಪಡಿ ಆಗಬೇಕಿದೆ.