ರಾಣಿಗೆ ತೊಡಿಸಿದ ವೇಷ: ವಿಕ್ಟೋರಿಯಾ ಕಾಲದ ವ್ಯಂಗ್ಯಚಿತ್ರ ಮತ್ತು ರಂಗಭೂಮಿ

1865ರ ಸೆಪ್ಟೆಂಬರ್ 23ರ ‘ಪಂಚ್’ ಹಾಸ್ಯಪತ್ರಿಕೆಯಲ್ಲಿ ವಿಕ್ಟೋರಿಯಾ ರಾಣಿ ಕಲ್ಲಾಗಿ ನಿಂತಿದ್ದಾಳೆ. ಚಿತ್ರ ಬರೆದವನು ಜಾನ್ ಟೆನಿಯಲ್. ಪ್ರಸಂಗವನ್ನು ಅವನು ಆಯ್ದುಕೊಂಡದ್ದು ಷೇಕ್ಸ್‌ಪಿಯರನ ‘ದಿ ವಿಂಟರ್ಸ್ ಟೇಲ್’ ನಾಟಕದ ಕೊನೆಯ ದೃಶ್ಯದಿಂದ. ಸತ್ತಳೆಂದು ಎಲ್ಲರೂ ನಂಬಿದ್ದ ರಾಣಿ ಹರ್ಮಿಯೋನಿ ಹದಿನಾರು ವರ್ಷಗಳ ಮೇಲೆ ಅಲ್ಲಿ ಪ್ರತಿಮೆಯಂತೆ ನಿಂತಿರುತ್ತಾಳೆ. ಗೆಳತಿ ಪಾಲಿನಾ ಕರೆದೊಡನೆ ಪೀಠದಿಂದ ಇಳಿದು ಬರುತ್ತಾಳೆ. ಟೆನಿಯಲ್‌ನ ಚಿತ್ರದಲ್ಲಿ ಹರ್ಮಿಯೋನಿ ವಿಕ್ಟೋರಿಯಾ, ಪಾಲಿನಾ ಬ್ರಿಟನ್ನಿನ ಸ್ತ್ರೀರೂಪವಾದ ಬ್ರಿಟಾನಿಯಾ. 1861ರ ಡಿಸೆಂಬರಿನಲ್ಲಿ ಪತಿ ಆಲ್ಬರ್ಟ್ ತೀರಿಕೊಂಡಂದಿನಿಂದ ರಾಣಿ ಸಾರ್ವಜನಿಕ ಸಮಾರಂಭಗಳಿಗೆ ಬೆನ್ನು ಹಾಕಿದ್ದಳು. ನೇರವಾಗಿ ಆಡಿದ್ದರೆ ಒರಟೆನಿಸಬಹುದಾಗಿದ್ದ ದೂರು ನಾಟಕದ ಆಸರೆಯಲ್ಲಿ ಮೊರೆಯಾಗಿ ಕೇಳಿಸುತ್ತದೆ.

ಅರಸು ಮನೆತನವನ್ನು ಗೇಲಿ ಮಾಡುವಾಗ ಈ ಕಾಲದ ಚಿತ್ರಕಾರರು ಮತ್ತೆ ಮತ್ತೆ ರಂಗಭೂಮಿಯ ಬಾಗಿಲು ತಟ್ಟಿದ್ದೇಕೆ? ಓದುಗರಿಗೆ ನಾಟಕಗಳ ಪರಿಚಯ ಚೆನ್ನಾಗಿತ್ತು ಎಂಬುದು ಒಂದು ಕಾರಣ. ಆದರೆ ಕಾನೂನಿನ ಪಾತ್ರವನ್ನೂ ಗಮನಿಸಬೇಕು. ಮುದ್ರಣಕ್ಕೆ ಮುಂಚೆ ಅನುಮತಿ ಪಡೆಯಬೇಕೆಂಬ ಕಟ್ಟಳೆ ಇಂಗ್ಲೆಂಡಿನಲ್ಲಿ 1695ರಲ್ಲೇ ಬಿದ್ದುಹೋಗಿತ್ತು. ರಂಗಭೂಮಿಗೆ ಆ ಬಿಡುಗಡೆ ಸಿಗಲಿಲ್ಲ. 1737ರ ಕಾಯ್ದೆ, ಅದರ ಜಾಗಕ್ಕೆ ಬಂದ 1843ರ ಕಾಯ್ದೆ, ಎರಡೂ ಹೊಸ ನಾಟಕಗಳನ್ನು ಲಾರ್ಡ್ ಚೇಂಬರ್ಲಿನ್‌ನ ಪರವಾನಗಿಗೆ ಕಟ್ಟಿಹಾಕಿದವು. ಆತ ಅರಮನೆಯದೇ ಅಧಿಕಾರಿ. ಹೀಗಿರುವಾಗ ಆಳುವ ರಾಣಿಯನ್ನು ಪಾತ್ರವಾಗಿಸುವ ಮಾತೆಲ್ಲಿ? ವೇದಿಕೆಯ ಮೇಲೆ ಆಡಲಾಗದ ನಾಟಕವನ್ನು ಚಿತ್ರಕಾರರು ಕಾಗದದ ಮೇಲೆ ಆಡಿದರು.

ಇದರಲ್ಲಿ ಎಲ್ಲರಿಗಿಂತ ಎದೆಗಾರಿಕೆ ತೋರಿದವನು ‘ಟೊಮಾಹಾಕ್’ ವಾರಪತ್ರಿಕೆಯ ಮ್ಯಾಟ್ ಮಾರ್ಗನ್. ನಾಟಕದವರ ಮನೆಯಲ್ಲಿ ಹುಟ್ಟಿ, ರಂಗಪರದೆ ಬರೆದು ಕೈ ಪಳಗಿಸಿಕೊಂಡವನು. 1867ರ ಆಗಸ್ಟಿನಲ್ಲಿ ಅವನು ಬರೆದ ಚಿತ್ರದಲ್ಲಿ ರಾಣಿ ಇಲ್ಲವೇ ಇಲ್ಲ. ಸಿಂಹಾಸನ ಬರಿದಾಗಿದೆ, ಅದರ ಮುಂದೆ ಸ್ಕಾಟಿಷ್ ಉಡುಪು ತೊಟ್ಟು, ಕೈಯಲ್ಲಿ ಪೈಪ್ ಹಿಡಿದು ಆರಾಮಾಗಿ ನಿಂತವನು ರಾಣಿಯ ಸೇವಕ ಜಾನ್ ಬ್ರೌನ್. ಬ್ರಿಟನ್ನಿನ ಸಿಂಹ ಎದುರಿಗಿದ್ದರೂ ಅವನಿಗೆ ಅಳುಕಿಲ್ಲ. ಮಾರ್ಗನ್ ಯುವರಾಜನನ್ನೂ ಬಿಡಲಿಲ್ಲ: ದುಂದುಗಾರನೆಂದು ಹೆಸರಾಗಿದ್ದ ಹಿಂದಿನ ದೊರೆ ನಾಲ್ಕನೆಯ ಜಾರ್ಜ್‌ನ ಪ್ರೇತದ ಬೆನ್ನು ಹತ್ತಿದ ಹ್ಯಾಮ್ಲೆಟ್ಟಾಗಿ ಅವನನ್ನು ಚಿತ್ರಿಸಿದ. ಟೆನಿಯಲ್‌ನ ಮೃದುತ್ವ ಇಲ್ಲಿಲ್ಲ. ಪತ್ರಿಕೆ 1870ರಲ್ಲಿ ನಿಂತಿತು, ಮಾರ್ಗನ್ ಅಮೆರಿಕಕ್ಕೆ ಹೋದ.

ಇದೇ ಬಗೆಯ ಲೇವಡಿ ವೇದಿಕೆ ಏರಿದರೆ ಏನಾಗುತ್ತಿತ್ತು ಎಂಬುದಕ್ಕೆ 1873ರ ಮಾರ್ಚಿನಲ್ಲಿ ಲಂಡನ್ನಿನ ಕೋರ್ಟ್ ಥಿಯೇಟರ್‌ನಲ್ಲಿ ನಡೆದ ‘ದಿ ಹ್ಯಾಪಿ ಲ್ಯಾಂಡ್’ ಪ್ರಸಂಗ ಸಾಕ್ಷಿ. ಡಬ್ಲ್ಯೂ. ಎಸ್. ಗಿಲ್ಬರ್ಟ್ ಜೊತೆಗಾರನೊಡನೆ ಬರೆದ ಆ ಪ್ರಹಸನದಲ್ಲಿ ಮೂವರು ನಟರು ಪ್ರಧಾನಿ ಗ್ಲ್ಯಾಡ್‌ಸ್ಟನ್ ಮತ್ತು ಇಬ್ಬರು ಸಚಿವರಂತೆ ವೇಷ ಕಟ್ಟಿದ್ದರು. ಕೆಲವೇ ದಿನಗಳಲ್ಲಿ ಪರವಾನಗಿ ರದ್ದಾಯಿತು. ವೇಷ, ಮಾತು ಬದಲಿಸಿದ ಮೇಲಷ್ಟೇ ಆಟ ಮುಂದುವರಿಯಿತು. ಆದರೆ ನಾಟಕ ಪುಸ್ತಕವಾಗಿ ಬಂದಾಗ, ಪರವಾನಗಿಯಿಲ್ಲದ ಮಾತುಗಳನ್ನೇ ಕ್ಯಾಪಿಟಲ್ ಅಕ್ಷರಗಳಲ್ಲಿ ಎತ್ತಿ ತೋರಿಸಲಾಗಿತ್ತು. ಅಚ್ಚಿಗೂ ಆಟಕ್ಕೂ ಇದ್ದ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದಾಖಲೆ ಅಪರೂಪ.

1876ರಲ್ಲಿ ವಿಕ್ಟೋರಿಯಾಳಿಗೆ ಭಾರತದ ಸಾಮ್ರಾಜ್ಞಿ ಎಂಬ ಬಿರುದು ಕೊಡುವ ಮಸೂದೆ ಬಂದಾಗ ಟೆನಿಯಲ್ ಕ್ರಿಸ್‌ಮಸ್ ಕಾಲದ ‘ಅಲ್ಲಾದೀನ್’ ಆಟಕ್ಕೆ ಕೈಹಾಕಿದ. ಹಳೆಯ ದೀಪಕ್ಕೆ ಹೊಸ ದೀಪ ಕೊಡುವೆನೆಂದು ಕೂಗುವ ಮಾಯಾವಿಯ ವೇಷದಲ್ಲಿ ಪ್ರಧಾನಿ ಡಿಸ್ರೇಲಿ ರಾಣಿಯ ಮುಂದೆ ಹೊಸ ಕಿರೀಟ ಹಿಡಿದಿದ್ದಾನೆ. ಕಥೆ ಬಲ್ಲವರಿಗೆ ಕೊಂಕು ತಿಳಿಯುತ್ತದೆ: ಆ ವಿನಿಮಯದಲ್ಲಿ ಮೋಸ ಹೋಗುವುದು ಹಳೆಯದನ್ನು ಬಿಟ್ಟುಕೊಟ್ಟವರೇ.

ನಟಿಯೊಬ್ಬಳು ವಿಕ್ಟೋರಿಯಾಳಾಗಿ ಲಂಡನ್ನಿನ ಸಾರ್ವಜನಿಕ ರಂಗಮಂದಿರದಲ್ಲಿ ಕಾಣಿಸಿಕೊಳ್ಳಲು 1937ರವರೆಗೆ, ಲಾರೆನ್ಸ್ ಹೌಸ್‌ಮನ್‌ನ ‘ವಿಕ್ಟೋರಿಯಾ ರೆಜಿನಾ’ಗೆ ಪರವಾನಗಿ ಸಿಗುವವರೆಗೆ, ಕಾಯಬೇಕಾಯಿತು. ಆ ಹೊತ್ತಿಗೆ ರಾಣಿ ತೀರಿಕೊಂಡು 36 ವರ್ಷಗಳಾಗಿದ್ದವು.