ಸಾವುಕಾರನ ವಹಿ, ಸಂಘದ ವಹಿ

ದೀಪಾವಳಿಯ ಅಮಾವಾಸ್ಯೆಯಂದು ವಿಜಯಪುರದ ಪೇಟೆಯಲ್ಲಿ ಲಕ್ಷ್ಮಿಯ ಪಟದ ಮುಂದೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕೂಡುತ್ತಿದ್ದ ವಸ್ತುಗಳಲ್ಲಿ ಮುಖ್ಯವಾದುದು ಕೆಂಪು ಬಟ್ಟೆಯ ಹೊದಿಕೆಯ, ಉದ್ದನೆಯ ಹಾಳೆಗಳ ಲೆಕ್ಕದ ವಹಿ. ಗೆರೆಯೆಳೆಯುವ ಬದಲು ಹಾಳೆಯನ್ನೇ ಉದ್ದಕ್ಕೆ ಮಡಿಚಿ, ಆ ಮಡಿಕೆಗಳನ್ನೇ ಅಂಕಣಗಳೆಂದು ಗ್ರಹಿಸಿ, ಎಡಕ್ಕೆ ಜಮೆಯನ್ನೂ ಬಲಕ್ಕೆ ಖರ್ಚನ್ನೂ ಬರೆಯುವುದು ಅದರ ಸಂಪ್ರದಾಯ; ದಿನದಿನದ ವ್ಯವಹಾರ ಕಿರ್ದಿಯಲ್ಲಿ, ಒಬ್ಬೊಬ್ಬ ಆಸಾಮಿಯ ಲೆಕ್ಕ ಖತಾವಣಿಯಲ್ಲಿ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಅನೇಕ ಅಂಗಡಿಗಳಲ್ಲಿ ಈ ಬರವಣಿಗೆ ಬಹುಕಾಲ ಮೋಡಿ ಲಿಪಿಯಲ್ಲಿಯೇ ಸಾಗುತ್ತಿದ್ದುದರಿಂದ, ಟಿಕೋಟಾದಿಂದಲೋ ಬಬಲೇಶ್ವರದಿಂದಲೋ ಬಂಡಿ ಹೂಡಿಕೊಂಡು ಬಂದು ಜೋಳದ ಚೀಲ ಇಳಿಸುತ್ತಿದ್ದ ಒಕ್ಕಲಿಗನಿಗೆ, ತನ್ನ ಹೆಸರಿನ ಕೆಳಗೆ ಏನು ಬರೆದಿದೆಯೆಂಬುದು ಬರೆದವನೇ ಓದಿ ಹೇಳಿದ ಹೊರತು ತಿಳಿಯುವಂತಿರಲಿಲ್ಲ. ಇಪ್ಪತ್ತು ಸುಗ್ಗಿಗಳ ಕಾಲ ತಪ್ಪದೆ ಸಾಲ ಮುಟ್ಟಿಸಿದವನು ಕೂಡ, ಆ ಸಾವುಕಾರನೊಡನೆ ಮನಸ್ತಾಪ ಬಂದು ಪಕ್ಕದ ಅಂಗಡಿಯ ಮೆಟ್ಟಿಲು ಹತ್ತಿದನೆಂದರೆ, ಅಲ್ಲಿ ಹೆಸರಿಲ್ಲದ ಹೊಸಬನೇ. ಅವನ ಪ್ರಾಮಾಣಿಕತೆಗೆ ಇದ್ದ ಏಕೈಕ ದಾಖಲೆ ಹಳೆಯ ಅಂಗಡಿಯ ಗಾದಿಯ ಕೆಳಗೆ ಉಳಿದುಬಿಡುತ್ತಿದ್ದಿತು. ಪತ್ತು ಇಲ್ಲದವನು ಪತ್ತು ಗಳಿಸುವ ಬಗೆ ಈ ಸೀಮೆಯಲ್ಲಿ ಹೇಗೆ ಹೇಗೆ ಬದಲಾಯಿತೆಂಬುದನ್ನು ನೋಡಹೊರಟವನು ಆ ಗಾದಿಯಿಂದಲೇ ಪ್ರಾರಂಭಿಸಬೇಕಾಗುತ್ತದೆ.

ಇಲ್ಲಿಯ ಒಕ್ಕಲುತನಕ್ಕೆ ಸಾಲವು ದುರ್ವ್ಯಸನವಾಗಿರದೆ ಋತುಧರ್ಮವೇ ಆಗಿದ್ದಿತು. ಸಾರವಾಡದ ಬಳಿ ಹಾಯುವ ಡೋಣಿ ನದಿಯ ಇಕ್ಕೆಲದ ಎರೆಭೂಮಿ ಹಿಂಗಾರಿಯ ಬಿಳಿಜೋಳಕ್ಕೆ ಹೆಸರಾದುದು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಗಾದೆ ಅದರ ಕೀರ್ತಿಯನ್ನು ಸಾರುತ್ತದೆ. ಹರಿಯದ ವರ್ಷದ ಗತಿಯೇನೆಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ಸಾವುಕಾರನ ವಹಿ ಹೇಳುತ್ತಿದ್ದಿತು. ಟಿಕೋಟಾದ ಕಡೆಯ ಮಡ್ಡಿಭೂಮಿಯ ಪಾಡಂತೂ ಮಳೆ ತಪ್ಪಿದಲ್ಲಿ ಇನ್ನಷ್ಟು ಕಷ್ಟದ್ದು. ಬಿತ್ತುವ ಬೀಜ, ಸತ್ತ ಎತ್ತಿಗೆ ಬದಲು ಎತ್ತು, ಮಗಳ ಲಗ್ನ, ಸರಕಾರದ ಕಂದಾಯ, ಇವೆಲ್ಲಕ್ಕೂ ಒಂದೇ ಬಾಗಿಲು. ಆ ಬಾಗಿಲಿನಲ್ಲಿ ನಡೆಯುತ್ತಿದ್ದ ಮಾತು ಇಂದಿಗೂ ಹಿರಿಯರ ಬಾಯಲ್ಲಿ ಅಭಿನಯಸಹಿತ ಕೇಳಸಿಗುತ್ತದೆ: “ಸಾವಕಾರ್ರ, ಸುಗ್ಗಿಗೆ ಮುಟ್ಟಸ್ತೀನ್ರಿ.” “ಅದು ಖರೇನಪಾ, ನಿನಗ ಜಾಮೀನ ಯಾರ ಬರ್ತಾರ?”

ಈ ಪ್ರಶ್ನೆಗೆ ಉತ್ತರವಿಲ್ಲದವರು, ಅಂದರೆ ಕೋರಿಗೆ ಹೊಲ ಮಾಡುವವರು, ಕುಶಲಕರ್ಮಿಗಳು, ವಿಧವೆಯರು, ಬೇರೆ ಊರಿನಿಂದ ಬಂದು ನೆಲೆಸಿದವರು, ತಮ್ಮ ಪತ್ತನ್ನು ತಳದಿಂದ ಕಟ್ಟಿಕೊಳ್ಳುವ ಕೆಲವು ದಾರಿಗಳಿದ್ದವು. ಬೆಳ್ಳಿಯ ಕಡಗವನ್ನೋ ತಾಮ್ರದ ಹಂಡೆಯನ್ನೋ ಒತ್ತೆಯಿಟ್ಟು ಚಿಕ್ಕ ಮೊತ್ತ ತಂದು, ಅವಧಿಗೆ ಮುಂಚೆಯೇ ಬಿಡಿಸಿಕೊಂಡು ಹೋಗುವುದು ಒಂದು. ಕಾಳಿನ ಕಡ ತಂದು ಸುಗ್ಗಿಯಲ್ಲಿ ಸವಾಯಿಯಾಗಿ, ಅಂದರೆ ಒಂದಕ್ಕೆ ಒಂದೂಕಾಲಾಗಿ ಅಳೆದುಕೊಡುವುದು ಇನ್ನೊಂದು. ಏನೂ ಇಲ್ಲದವನು ತನ್ನನ್ನೇ ಒತ್ತೆಯಿಟ್ಟು ವರ್ಷದ ಆಳಾಗಿ ದುಡಿಯುತ್ತಿದ್ದನು. ಇದನ್ನು ಪತ್ತು ಗಳಿಸುವ ಮಾರ್ಗವೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಬ್ರಿಟಿಷರ ಆಳ್ವಿಕೆ ಈ ಗಾದಿಯ ಬೆನ್ನಿಗೆ ಕೋರ್ಟನ್ನು ತಂದು ನಿಲ್ಲಿಸಿತು. 1848ರಲ್ಲಿ ಸಾತಾರಾ ಸಂಸ್ಥಾನ ಕಂಪನಿಗೆ ಸೇರಿದಾಗ ವಿಜಯಪುರವೂ ಅದರೊಡನೆ ಸೇರಿತು. ಭೂಮಾಪನ ನಡೆದು, ಹೊಲ ಒಕ್ಕಲಿಗನ ಹೆಸರಿಗೆ ನಿಂತು, ಮಾರಲೂ ಒತ್ತೆಯಿಡಲೂ ಬರುವಂತಹ ಸ್ವತ್ತಾಯಿತು. ಮೇಲ್ನೋಟಕ್ಕೆ ಇದು ಒಕ್ಕಲಿಗನ ಪತ್ತನ್ನು ಹೆಚ್ಚಿಸಿದ ಉಪಕಾರ. ಆದರೆ 1859ರ ಕಾಲಮಿತಿ ಕಾಯಿದೆಯು ಸಾಲಪತ್ರದ ಆಯುಷ್ಯವನ್ನು ಮೂರು ವರ್ಷಕ್ಕೆ ಇಳಿಸಲಾಗಿ, ಸಾವುಕಾರನು ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಕೂಡಿಸಿ ಹೊಸ ಕಾಗದ ಬರೆಯಿಸಿಕೊಳ್ಳತೊಡಗಿದನು. ನೂರು ರೂಪಾಯಿಗೆ ತಿಂಗಳಿಗೆ ಎರಡರಂತೆ ಲೆಕ್ಕ ಹಿಡಿದರೆ ಮೊದಲನೆಯ ಕಾಗದ ಮುಗಿಯುವಾಗ 172, ಎರಡನೆಯದರ ಕೊನೆಗೆ 296, ಮೂರನೆಯದಕ್ಕೆ 509. ಈ ಒಂಬತ್ತು ವರ್ಷಗಳಲ್ಲಿ ಒಕ್ಕಲಿಗ ಕೈಗೆ ಪಡೆದುದು ಆ ಮೊದಲಿನ ನೂರು ಮಾತ್ರ. ನಡುನಡುವೆ ಅವನು ತಂದಿಳಿಸಿದ ಜೋಳ, ಹತ್ತಿ, ಹೊಟ್ಟು ಯಾವ ಅಂಕಣದಲ್ಲಿ ಬಿದ್ದವೆಂಬುದು ಕೋರ್ಟಿಗೂ ತಿಳಿಯದು. ಕೋರ್ಟು ನೋಡುತ್ತಿದ್ದುದು ಹೆಬ್ಬೆಟ್ಟಿನ ಕಾಗದವನ್ನು.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಪೇಟೆಯಲ್ಲಿ ಹೊತ್ತಿಕೊಂಡು ಅಹಮದನಗರಕ್ಕೂ ಹಬ್ಬಿದ ದಖ್ಖನಿನ ದಂಗೆಯಲ್ಲಿ ರೈತರು ಸಾವುಕಾರರ ಮೈಮುಟ್ಟಿದುದಕ್ಕಿಂತ ಅವರ ಕಾಗದಗಳನ್ನು ಸುಟ್ಟುದೇ ಹೆಚ್ಚೆಂಬುದು ಈ ಹಿನ್ನೆಲೆಯಲ್ಲಿ ಸಹಜವಾಗಿ ಕಾಣುತ್ತದೆ. ಅದರ ಫಲವಾಗಿ ಬಂದ 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯು, ನ್ಯಾಯಾಧೀಶನು ಕಾಗದದ ಹಿಂದೆ ಹೋಗಿ ಮೂಲ ವ್ಯವಹಾರವನ್ನೇ ಶೋಧಿಸಬೇಕೆಂದೂ, ಸಾವುಕಾರನು ಸಾಲಗಾರನಿಗೆ ಪಾವತಿಯನ್ನೂ ಲೆಕ್ಕದ ನಕಲನ್ನೂ ಕೊಡಬೇಕೆಂದೂ ವಿಧಿಸಿತು. ಸಾಲಗಾರನಿಗೆ ತನ್ನದೇ ಲೆಕ್ಕವನ್ನು ನೋಡುವ ಹಕ್ಕುಂಟೆಂದು ಈ ನಾಡಿನ ಕಾನೂನು ಒಪ್ಪಿದ್ದು ಇಲ್ಲಿ. ಮೊದಲು ಪುಣೆ, ಸಾತಾರಾ, ಸೋಲಾಪುರ, ಅಹಮದನಗರಗಳಿಗೆ ಮಾತ್ರ ಅನ್ವಯಿಸಿದ ಕಾಯಿದೆ 1905ರಲ್ಲಿ ಪ್ರಾಂತದ ಉಳಿದ ಜಿಲ್ಲೆಗಳಿಗೂ ವ್ಯಾಪಿಸಿತು. ಪರಿಣಾಮವೋ ವಿಪರೀತ: ಒತ್ತೆಪತ್ರವನ್ನು ಕೋರ್ಟು ಕೆದಕುವುದಾದರೆ ಒತ್ತೆಯೇ ಬೇಡವೆಂದು ಸಾವುಕಾರರು ನೇರ ಖರೀದಿಪತ್ರವನ್ನೇ ಬರೆಯಿಸಿಕೊಂಡು, ಸಾಲ ತೀರಿದ ಮೇಲೆ ಹೊಲ ಮರಳಿಸುವ ಮಾತನ್ನು ಬಾಯಲ್ಲಷ್ಟೇ ಇಟ್ಟರು. ಹೊಲವಿಲ್ಲದವನಿಗಂತೂ ಬಾಗಿಲು ಇನ್ನಷ್ಟು ಮುಚ್ಚಿತು.

ಈ ನಡುವೆ 1876ರಿಂದ 78ರವರೆಗಿನ ಮಹಾಕ್ಷಾಮ ಬಂದುಹೋಗಿದ್ದಿತು. ಆಗ ಕಲಾದಗಿ ಎಂದು ಕರೆಯಲ್ಪಡುತ್ತಿದ್ದ ಈ ಜಿಲ್ಲೆಯ ಜನಸಂಖ್ಯೆ 1872ರ ಗಣತಿಯಲ್ಲಿ 8 ಲಕ್ಷ ಮೀರಿದ್ದುದು 1881ರಲ್ಲಿ 6 ಲಕ್ಷ 40 ಸಾವಿರದಷ್ಟೂ ಇರಲಿಲ್ಲ. ಎತ್ತುಗಳು ಸತ್ತ ಮೇಲೆ ಒತ್ತೆಗೇನಿದೆ? ಸರಕಾರ 1883 ಮತ್ತು 1884ರ ಕಾಯಿದೆಗಳ ಮೂಲಕ ತಕಾವಿ ಸಾಲವನ್ನು ತೆರೆಯಿತು. ಅದೂ ಕೂಡ ಭೂಮಿಯನ್ನೋ ಜಾಮೀನನ್ನೋ ಕೇಳುವಂತಹದೇ, ಕುಲಕರ್ಣಿಯ ಲೇಖನಿಯ ಮೂಲಕವೇ ಬರುವಂತಹದು.

ನಿಜವಾದ ಪಲ್ಲಟ ಬಂದುದು ಬೇರೆಡೆಯಿಂದ. ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಜರ್ಮನಿಯ ರೈಫೈಸೆನ್ ಮಾದರಿಯ ಗ್ರಾಮಸಂಘಗಳನ್ನು ಶಿಫಾರಸು ಮಾಡಿ, ಅದರ ಬೆನ್ನಿಗೆ 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಹೊರಟು, 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಕಟ್ಟಿದುದು ಕನ್ನಡಿಗರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ. ಹೆಮ್ಮೆಯ ಭರದಲ್ಲಿ ಅದರೊಳಗಿನ ಯುಕ್ತಿಯನ್ನು ಮಾತ್ರ ನಾವು ಮರೆಯುತ್ತೇವೆ. ಒಂದೇ ಊರಿನ, ಒಬ್ಬರನ್ನೊಬ್ಬರು ಬಲ್ಲ ಹತ್ತು ಮಂದಿಯಾದರೂ ಕೂಡಬೇಕು; ಗ್ರಾಮೀಣ ಸಂಘದಲ್ಲಿ ಹೊಣೆ ಅಪರಿಮಿತ, ಅಂದರೆ ಒಬ್ಬನು ಮುಳುಗಿಸಿದರೆ ಉಳಿದವರ ಸ್ವತ್ತೆಲ್ಲ ಅದಕ್ಕೆ ಬಾಧ್ಯ. ಬೇರೆ ಬೇರೆಯಾಗಿ ಹೋದರೆ ಯಾರೂ ಹತ್ತಿರ ಸೇರಿಸದ ಹತ್ತು ಮಂದಿ ಕೂಡಿ ಹೋದಾಗ ಸಾಲಕ್ಕೆ ಅರ್ಹರಾಗುವುದು ಈ ಪರಸ್ಪರ ಭಯದಿಂದಲೇ, ಪರಸ್ಪರ ತಿಳಿವಳಿಕೆಯಿಂದಲೇ. ಯಾರು ಬೆಳೆದ ಜೋಳವನ್ನು ಜೂಜಿನ ಕಟ್ಟೆಗೆ ಸುರಿಯುತ್ತಾನೆ, ಯಾರು ಉಪವಾಸವಿದ್ದಾದರೂ ಕಂತು ಕಟ್ಟುತ್ತಾನೆ ಎಂಬುದು ಪೇಟೆಯ ಸಾವುಕಾರನಿಗಿಂತ ಓಣಿಯವರಿಗೆ ಚೆನ್ನಾಗಿ ಗೊತ್ತು. ಸಂಘದ ವಹಿ ಕನ್ನಡದಲ್ಲಿದ್ದು, ವಾರ್ಷಿಕ ಸಭೆಯಲ್ಲಿ ಎಲ್ಲರ ಕಿವಿಗೆ ಬೀಳುವಂತೆ ಓದಿಸಿಕೊಳ್ಳುವಂತಹದಾದ್ದರಿಂದ, ಸಾಲ ತೀರಿಸಿದವನ ಹೆಸರು ಒಬ್ಬ ಧನಿಕನ ನೆನಪಾಗಿರದೆ ಊರಿನ ದಾಖಲೆಯಾಯಿತು. ಮೊದಲ ಮಹಾಯುದ್ಧ ಮುಗಿಯುವ ಕಾಲಕ್ಕೆ ವಿಜಯಪುರದಲ್ಲಿ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು ಸ್ಥಾಪಿತವಾಗಿ, ಹಳ್ಳಿಯ ಸಂಘಗಳಿಗೆ ಹಣದ ಮೂಲವೊಂದು ದೊರೆತಿತು.

ಸೊಸಾಯಿಟಿಯೆಂದೇ ಜನ ಕರೆಯುವ ಈ ಸಂಘಗಳನ್ನು ಅತಿಯಾಗಿ ಕೊಂಡಾಡುವುದೂ ಸಲ್ಲದು. ಪಂಚ ಕಮಿಟಿಯಲ್ಲಿ ಕೂಡುತ್ತಿದ್ದವರು ಬಹುತೇಕ ಊರಿನ ದೊಡ್ಡ ಹಿಡುವಳಿಯವರೇ. ಅನೇಕ ಕಡೆ ಸಾವುಕಾರನೇ ಚೇರ್ಮನ್ನನಾಗಿ ಕುಳಿತುದೂ ಉಂಟು. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯು ಒಕ್ಕಲಿಗರ ಒಟ್ಟು ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಶೇಕಡಾ 3ರಷ್ಟು ಮಾತ್ರ, ಲೇವಾದೇವಿಗಾರರದು 70ರ ಸಮೀಪ ಎಂದು ತೋರಿಸಿತು. ಅರ್ಧ ಶತಮಾನದ ಪ್ರಯತ್ನಕ್ಕೆ ಸಂದ ಅಂಕವದು. ಬ್ಯಾಂಕುಗಳ ರಾಷ್ಟ್ರೀಕರಣ, 1976ರ ಋಣಪರಿಹಾರ ಕಾಯಿದೆ, 1980ರ ದಶಕದ ಬಿಜಾಪುರ ಗ್ರಾಮೀಣ ಬ್ಯಾಂಕು, ಇವೆಲ್ಲ ಆಮೇಲಿನ ಮಾತು. ಅಷ್ಟರಲ್ಲಿ ಪತ್ತು ವ್ಯಕ್ತಿಯಿಂದ ಕಾಗದಕ್ಕೆ ಇಳಿದಿದ್ದಿತು: ಹೊಲದ ಉತಾರದಲ್ಲಿ ಹೆಸರಿರಬೇಕು, ಹಳೆಯ ಸಾಲದ ಬೋಜಾ ಇರಬಾರದು, ಸುತ್ತಲಿನ ಬ್ಯಾಂಕುಗಳಿಂದೆಲ್ಲ ಬೇಬಾಕಿ ಪತ್ರ ತರಬೇಕು. ಅಪ್ಪನ ಹೆಸರಿನಲ್ಲೇ ಉತಾರ ಉಳಿದ ಮಗನಿಗೆ ಇದೊಂದು ಹೊಸ ಬಗೆಯ ನಿರಾಕರಣೆ.

ಟಿಕೋಟಾದ ಮಡ್ಡಿಯಲ್ಲಿ ದ್ರಾಕ್ಷಿಯ ಚಪ್ಪರಗಳು ಎದ್ದ ಮೇಲೆ ಸಾಲದ ಗಾತ್ರವೇ ಬದಲಾಯಿತು. ಕಂಬ, ತಂತಿ, ಕೊಳವೆಬಾವಿ, ಒಣದ್ರಾಕ್ಷಿಯ ಶೆಡ್ಡು, ಇವು ಜೋಳದ ಒಕ್ಕಲುತನ ಕಂಡರಿಯದ ಖರ್ಚುಗಳು. ಬ್ಯಾಂಕು ಕೊಟ್ಟುದು ಸಾಲದಿದ್ದಲ್ಲಿ ಔಷಧದ ಅಂಗಡಿಯ ಉದ್ರಿ ಖಾತೆಯೂ, ತಾಸಗಾಂವ, ಸಾಂಗಲಿಗಳ ವ್ಯಾಪಾರಿಯ ಮುಂಗಡವೂ ಕೈಹಿಡಿಯುತ್ತವೆ. ಸೊಸಾಯಿಟಿಯ ಬೆಳೆಸಾಲಕ್ಕೆ ಈಗ ರಾಜ್ಯದಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲ, ಆದರೆ ಅವಧಿಗೆ ಕಟ್ಟಿದವನಿಗೆ ಮಾತ್ರ. ಆದ್ದರಿಂದ ಗಡುವು ಸಮೀಪಿಸಿದಾಗ ದಲಾಲಿ ಅಂಗಡಿಯಿಂದ ನಾಲ್ಕು ದಿನದ ಕೈಗಡ ತಂದು ಹಳೆಯದನ್ನು ಕಟ್ಟಿ, ಹೊಸ ಸಾಲ ಕೈಗೆ ಬಂದೊಡನೆ ಕೈಗಡವನ್ನು ಬಡ್ಡಿಸಹಿತ ಹಿಂದಿರುಗಿಸುವವರು ಅನೇಕರು. ಮೂರು ವರ್ಷಕ್ಕೊಮ್ಮೆ ಹೊಸದಾಗುತ್ತಿದ್ದ ಕಾಗದದ ಮೊಮ್ಮಗನೇ ಇದು, ಸ್ವಭಾವ ಮಾತ್ರ ಸೌಮ್ಯ.

2000ದಲ್ಲಿ ಸ್ಥಾಪಿತವಾದ ಸಿಬಿಲ್ ಸಂಸ್ಥೆಯೂ 2005ರ ಸಾಲ ಮಾಹಿತಿ ಕಂಪನಿಗಳ ಕಾಯಿದೆಯೂ ಬಂದ ಮೇಲೆ ಪತ್ತು 300ರಿಂದ 900ರವರೆಗಿನ ಒಂದು ಅಂಕವಾಗಿದೆ. ಸಾಲಗಾರನ ಕೀರ್ತಿ ಒಂದು ಗಾದಿಗೆ ಅಂಟಿಕೊಂಡಿರದೆ ಅವನು ಹೋದಲ್ಲೆಲ್ಲ ಹೋಗುವುದು ಮೊದಲ ಬಾರಿಗೆ ಸಾಧ್ಯವಾಯಿತು. 2017ರಿಂದ ವರ್ಷಕ್ಕೊಮ್ಮೆ ಅವನ ವರದಿಯನ್ನು ಅವನಿಗೆ ಉಚಿತವಾಗಿ ಕೊಡಲೇಬೇಕೆಂಬ ನಿಯಮವೂ ಬಂದಿದೆ. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕಿನ ನೇರ ನಿಯಂತ್ರಣದ ಹೊರಗಿರುವುದರಿಂದ, ಬಬಲೇಶ್ವರದ ಒಕ್ಕಲಿಗನೊಬ್ಬನು ಮೂವತ್ತು ವರ್ಷ ಸೊಸಾಯಿಟಿಗೆ ತಪ್ಪದೆ ಕಟ್ಟಿದ್ದರೂ ಆ ನಡತೆ ಈ ಅಂಕಕ್ಕೆ ತಲುಪದಿರಬಹುದು. ಟ್ರ್ಯಾಕ್ಟರಿಗೆಂದು ನಗರದ ಬ್ಯಾಂಕಿಗೆ ಹೋದರೆ ಇತಿಹಾಸವೇ ಇಲ್ಲವೆಂಬ ಉತ್ತರ. ಇಂತಹವರು ಬ್ಯಾಂಕಿನಲ್ಲಿ ಬಂಗಾರದ ಮೇಲೆ ಚಿಕ್ಕ ಸಾಲ ತೆಗೆದು, ಅಥವಾ ಠೇವಣಿಯ ಆಧಾರದ ಮೇಲೆ ಕಾರ್ಡು ಪಡೆದು, ಕಂತುಗಳನ್ನು ದಿನ ತಪ್ಪದೆ ಕಟ್ಟಿ ಅಂಕ ಬೆಳೆಸಿಕೊಳ್ಳುವುದು ಈಗಿನ ರೂಢಿ. ಬೆಳ್ಳಿಯ ಕಡಗವನ್ನು ಅವಧಿಗೆ ಮುಂಚೆ ಬಿಡಿಸಿಕೊಂಡವರ ಕ್ರಮವೇ ಇದು. ಮೊದಲ ಬಾರಿ ಸಾಲ ಕೇಳುವವನನ್ನು ಇತಿಹಾಸವಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು ಹೇಳಿರುವುದನ್ನು ಕೇಂದ್ರ ಹಣಕಾಸು ಖಾತೆಯು 2025ರಲ್ಲಿ ಲೋಕಸಭೆಗೆ ತಿಳಿಸಿದೆ.

ಇಲ್ಲಿ ಒಂದು ವಿಚಿತ್ರ ತಿರುವೂ ಉಂಟು. ಉತಾರದಲ್ಲಿ ಹೆಸರಿಲ್ಲದ, ಜಾಮೀನಿಗೆ ಯಾರೂ ಲೆಕ್ಕಿಸದ ಹೆಂಗಸರು ವಾರದ ಗುಂಪುಗಳಲ್ಲಿ ಸೇರಿ ಕಂಪನಿಗಳಿಂದ ಕಿರುಸಾಲ ಪಡೆದು ಕಟ್ಟುತ್ತ ಬಂದುದು, ಆ ಕಂಪನಿಗಳು ಸಾಲ ಮಾಹಿತಿ ಸಂಸ್ಥೆಗಳ ಸದಸ್ಯರಾಗಬೇಕೆಂಬ ನಿಯಮದಿಂದಾಗಿ, ದಾಖಲಾಗಿದೆ. ಆದುದರಿಂದ ಗಂಡನಿಗೆ ಇಲ್ಲದ ಇತಿಹಾಸ ಹೆಂಡತಿಗೆ ಇರುವ ಮನೆಗಳು ಈ ಸೀಮೆಯಲ್ಲಿ ಅಪರೂಪವಲ್ಲ. 1904ರ ಹತ್ತು ಮಂದಿಯಂತೆಯೇ ಇವರೂ ಒಬ್ಬರಿಗೊಬ್ಬರು ಹೊಣೆ. ಒಬ್ಬಳು ಕಂತು ತಪ್ಪಿಸಿದ ವಾರ ಉಳಿದವರು ತಮ್ಮತಮ್ಮಲ್ಲಿ ಕೂಡಿಸಿ ತುಂಬುತ್ತಾರೆ, ತುಂಬಲಾಗದಾಗ ವಸೂಲಿಗಾರ ಮನೆಯ ಮುಂದೆ ಬಂದು ಕೂಡುತ್ತಾನೆ. ಆ ಕೂಡುವಿಕೆ ಮಿತಿಮೀರಿ ರಾಜ್ಯದ ಹಲವೆಡೆ ಜೀವಹಾನಿಯಾದ ಮೇಲೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆಯನ್ನು ಹೊರಡಿಸಿ, ತಪ್ಪಿತಸ್ಥರಿಗೆ 10 ವರ್ಷಗಳವರೆಗೆ ಕಾರಾಗೃಹವಾಸವನ್ನು ವಿಧಿಸಿತು.