ತೂರಾಡುವ ಬೆಕ್ಕು ಮತ್ತು ಮಿದುಳಿನ ಸಾಕ್ಷ್ಯ

ಬೆಕ್ಕಿನ ಹಿಂಗಾಲು ತೂರಾಡತೊಡಗಿದರೆ ಕಾರಣ ಪೆಟ್ಟಿರಬಹುದು, ವಿಷವಿರಬಹುದು, ಗಡ್ಡೆಯಿರಬಹುದು, ಮಿದುಳು ಹೊಕ್ಕ ವೈರಸ್ಸೂ ಇರಬಹುದು. ಇವುಗಳಲ್ಲಿ ವೈರಸ್ಸನ್ನು ಖಚಿತವಾಗಿ ಹಿಡಿಯುವುದೇ ಹೆಚ್ಚು ಕಷ್ಟ. ರೋಗವಿರುವುದು ತಲೆಬುರುಡೆಯೊಳಗೆ, ವೈದ್ಯರ ಕೈಗೆ ಸುಲಭವಾಗಿ ಸಿಗುವುದು ರಕ್ತ. ಈ ರೋಗಪತ್ತೆಯ ಕ್ಷೇತ್ರ ದಾರಿ ತಪ್ಪಿದ್ದು ಹೆಚ್ಚಾಗಿ ರಕ್ತದ ಮಾತನ್ನಷ್ಟೇ ನಂಬಿದಾಗ.

ರೇಬಿಸ್ ವಿಷಯದಲ್ಲಿ ಮೊದಲಿನಿಂದಲೂ ಮಿದುಳನ್ನೇ ನೋಡಲಾಯಿತು. 1903ರಲ್ಲಿ ಇಟಲಿಯ ಅಡೆಲ್ಚಿ ನೆಗ್ರಿ ಸೋಂಕಿತ ನರಕೋಶಗಳೊಳಗಿನ ವಿಶಿಷ್ಟ ಕಣಗಳನ್ನು ವಿವರಿಸಿದರು. 1958ರಲ್ಲಿ ಬಂದ ಫ್ಲೋರೆಸೆಂಟ್ ಪ್ರತಿಕಾಯ ಪರೀಕ್ಷೆ ಮಿದುಳಿನ ತುಣುಕಿನಲ್ಲಿ ವೈರಸ್ಸನ್ನೇ ಹೊಳೆಯಿಸಿ ತೋರಿಸಿತು.

ಬೆಕ್ಕುಗಳ ಎಫ್‌ಐಪಿ (ಫೆಲೈನ್ ಇನ್ಫೆಕ್ಷಸ್ ಪೆರಿಟೊನೈಟಿಸ್) ರೋಗದ ಕಥೆ ಬೇರೆ. ಅಮೆರಿಕದ ಪಶುವೈದ್ಯೆ ಜೀನ್ ಹೋಲ್ಜ್‌ವರ್ತ್ 1963ರಲ್ಲಿ ವಿವರಿಸಿದ ಈ ರೋಗಕ್ಕೆ ಕೊರೊನಾವೈರಸ್ ಕಾರಣವೆಂದು ಆಮೇಲೆ ತಿಳಿಯಿತು. ಅದರ ಪ್ರತಿಕಾಯ ಪರೀಕ್ಷೆಯೂ ಬಂತು. ಆದರೆ ಕರುಳಿನಲ್ಲಿ ನಿರುಪದ್ರವಿಯಾಗಿರುವ ಅದೇ ವೈರಸ್ ಆರೋಗ್ಯವಂತ ಬೆಕ್ಕುಗಳಲ್ಲೂ ಪ್ರತಿಕಾಯ ಹುಟ್ಟಿಸುತ್ತದೆ. ಹಾಗಾಗಿ ರಕ್ತದ ಫಲಿತಾಂಶವೊಂದೇ ಏನನ್ನೂ ಸಾಬೀತು ಮಾಡದು. ಮಿದುಳಿಗೆ ಹರಡಿದಾಗ ಎಂಆರ್‌ಐ, ಬೆನ್ನುಹುರಿ ದ್ರವದ ಪ್ರೋಟೀನ್ ಮತ್ತು ವೈರಸ್ಸಿನ ಅನುವಂಶಿಕ ತುಣುಕನ್ನು ಹುಡುಕುವ ಪಿಸಿಆರ್ ಎಲ್ಲವನ್ನೂ ಕೂಡಿಸಿ ನೋಡಬೇಕು. ಪಿಸಿಆರ್‌ನಲ್ಲಿ ವೈರಸ್ ಸಿಗದಿದ್ದರೂ ರೋಗವಿಲ್ಲವೆನ್ನಲಾಗದು. ಅಮೆರಿಕದ ಪಶುವೈದ್ಯ ವಿಜ್ಞಾನಿ ನೀಲ್ಸ್ ಪೆಡರ್ಸನ್ ತಂಡ 2019ರಲ್ಲಿ ವೈರಸ್ ನಿರೋಧಕ ಜಿಎಸ್-441524 ಔಷಧದ ಫಲಿತಾಂಶ ಪ್ರಕಟಿಸಿದ ಮೇಲಂತೂ ಬದುಕಿರುವಾಗಲೇ ರೋಗ ಗುರುತಿಸುವುದು ಜೀವ ಉಳಿಸುವ ಕೆಲಸವಾಯಿತು. ನರರೂಪದ ಎಫ್‌ಐಪಿಗೆ ಹೆಚ್ಚಿನ ಪ್ರಮಾಣದ ಔಷಧ ಬೇಕಾಗುತ್ತದೆ.

ನನ್ನ ಮಟ್ಟಿಗೆ ದೊಡ್ಡ ಪಾಠವಿರುವುದು ಸ್ವೀಡನ್ನಿನಲ್ಲಿ. 1970ರ ದಶಕದಲ್ಲಿ ಮೆಲಾರೆನ್ ಸರೋವರದ ಸುತ್ತಿನ ಬೆಕ್ಕುಗಳು ತೂರಾಡತೊಡಗಿದವು. ಕೆಲವಕ್ಕೆ ಉಗುರನ್ನು ಒಳಗೆಳೆದುಕೊಳ್ಳಲೂ ಆಗುತ್ತಿರಲಿಲ್ಲ, ಸ್ವಭಾವವೇ ಬದಲಾಗುತ್ತಿತ್ತು. ಮಿದುಳಿನಲ್ಲಿ ಕಂಡ ಉರಿಯೂತ ವೈರಸ್ಸಿನದೇ ಎನಿಸಿತು. 1990ರ ದಶಕದಲ್ಲಿ ಕೆಲವು ಬೆಕ್ಕುಗಳ ರಕ್ತದಲ್ಲಿ, ಪ್ರಾಣಿಗಳ ಮಿದುಳಿಗೆ ತಗಲುವ ಬೋರ್ನಾ ವೈರಸ್ಸಿನ ಪ್ರತಿಕಾಯ ಸಿಕ್ಕಿದ್ದರಿಂದ ಅಪವಾದ ಅದರ ತಲೆಗೆ ಬಂತು, ದಶಕಗಳ ಕಾಲ ಉಳಿಯಿತು ಕೂಡ.

ನಿಜವಾದ ಸುಳಿವು ಸಿಕ್ಕಿದ್ದು ಬೇರೆಡೆ. 2020ರಲ್ಲಿ ಜರ್ಮನಿಯ ವಿಜ್ಞಾನಿಗಳು ಮೃಗಾಲಯದ ಕತ್ತೆ, ಕ್ಯಾಪಿಬಾರಾ, ವಾಲಬಿಗಳ ಮಿದುಳಿನಲ್ಲಿ ರುಬೆಲ್ಲಾದ ಬಂಧುವಾದ ಹೊಸ ವೈರಸ್ಸನ್ನು ಕಂಡು ರಸ್ಟ್ರೆಲಾ ಎಂದು ಹೆಸರಿಟ್ಟರು. ಅಲ್ಲಿ ಆ ವೈರಸ್ಸಿಗೆ ಆಸರೆ ಹಳದಿ ಕತ್ತಿನ ಕಾಡಿಲಿ. 2023ರಲ್ಲಿ ಪ್ರಕಟವಾದ ಅಧ್ಯಯನ ಸ್ವೀಡನ್, ಆಸ್ಟ್ರಿಯಾ, ಜರ್ಮನಿಯ ತೂರಾಡುವ 29 ಬೆಕ್ಕುಗಳ ಪೈಕಿ 27ರಲ್ಲಿ ಇದೇ ವೈರಸ್ಸನ್ನು ತೋರಿಸಿತು. ಬೋರ್ನಾ ಸಿಗಲಿಲ್ಲ. ಸ್ವೀಡನ್ನಿನ ತಳಿಯ ಅನುವಂಶಿಕ ಸರಣಿ ಬಹಳ ಭಿನ್ನವಾಗಿದ್ದರಿಂದ ಹಳೆಯ ಪಿಸಿಆರ್‌ಗೆ ಅದು ಸಿಕ್ಕಿರಲಿಲ್ಲ. ಯಾವ ವೈರಸ್ಸೆಂದು ಮೊದಲೇ ಊಹಿಸದೆ ಎಲ್ಲವನ್ನೂ ಓದುವ ಸೀಕ್ವೆನ್ಸಿಂಗ್, ಆಮೇಲೆ ರೂಪಿಸಿದ ಹೊಸ ಪಿಸಿಆರ್ ಬೇಕಾದವು. ಇಷ್ಟಾದರೂ ಬದುಕಿರುವ ಬೆಕ್ಕಿನಲ್ಲಿ ಇದನ್ನು ಖಚಿತಪಡಿಸುವುದು ಕಷ್ಟವೇ.

ನಮ್ಮಲ್ಲಿ ನರಲಕ್ಷಣ ತೋರಿ ಸಾಯುವ ಬೆಕ್ಕನ್ನು ಪರೀಕ್ಷೆಯಿಲ್ಲದೆ ಹೂತುಬಿಡುವುದೇ ಹೆಚ್ಚು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬಿಸ್ ಪತ್ತೆ ಪ್ರಯೋಗಾಲಯವಿದೆ. ಅಂಥ ಸಾವಾದರೆ ದೇಹವನ್ನು ಬರಿಗೈಲಿ ಮುಟ್ಟಬೇಡಿ, ಪಶುವೈದ್ಯರ ಮೂಲಕ ಮಾದರಿಯನ್ನು ಪರೀಕ್ಷೆಗೆ ಕಳಿಸಿ. ಆ ಬೆಕ್ಕು ಕಚ್ಚಿದ್ದರೆ ಅಥವಾ ಪರಚಿದ್ದರೆ ವರದಿಗೆ ಕಾಯದೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.